ಚಕ್ರವಿದ್ದ ಮನೆಗೆ ಬಣ್ಣ ಬಳಿದದ್ದು

ಮೊನ್ನೆ ಮನೆಗೆ ಬಣ್ಣ ಹೊಡೆಯಲು ಬಂದ ಪೇಂಟರ್ ಬಿಜು ಮೊದಲು ನನ್ನ ಮಡಿಲಿಗೆ ಒಂದು ಪುಸ್ತಕ ಹಾಕಿದ. ಪುಸ್ತಕವೆಂದರೆ ಓದುವುದಲ್ಲ, ಬರೀ ಬಣ್ಣದ ಚೌಕಗಳು. ಹಳದಿಯೊಂದರಲ್ಲೇ ಎಷ್ಟು ಬಗೆ ಅಂತೀರಿ! ನಿಂಬೆಯ ಹಳದಿ, ಬೆಣ್ಣೆಯ ಹಳದಿ, ಒಣಹುಲ್ಲಿನ ಹಳದಿ, ಕಾಮಾಲೆ ಬಂದವರ ಕಣ್ಣಿನ ಹಳದಿ. ನಾನು ಒಂದನ್ನು ತೋರಿಸುವುದು, ಅವನು ಬರೆದುಕೊಳ್ಳುವುದು, ಅಷ್ಟರಲ್ಲಿ ಪಕ್ಕದ ಚೌಕ ಇನ್ನೂ ಚೆನ್ನಾಗಿ ಕಾಣುವುದು. ನನ್ನ ಜೊತೆ ಸೀರೆ ಅಂಗಡಿಗೆ ಬಂದವರಿಗೆ ಈ ರೋಗದ ಪರಿಚಯವಿದೆ. ಎರಡು ಲೋಟ ಚಹಾ ಮುಗಿಸಿದ ಬಿಜು ಕೊನೆಗೆ ನನ್ನ ಆಸೆ ಬಿಟ್ಟು, ಬಾಗಿಲ ಬಳಿ ಹೋಗಿ ಕುಕ್ಕುರುಗಾಲಲ್ಲಿ ಕೂತ. ಮೈಸೂರಿನಲ್ಲಿ ಹತ್ತು ವರ್ಷ ಬಣ್ಣ ಹೊಡೆದವನು, ಕನ್ನಡ ಬರುತ್ತದೆ.

"ಅಮ್ಮಚ್ಚೀ, ಇದೆಂತದು? ಹೊಸ್ತಿಲಿಗೆ ಬಸ್ಸಿನ ಮೆಟ್ಟಿಲು ತಂದು ಹೊಡೆದಿದ್ದೀರಿ! ಕಿತ್ತು ಗ್ರಾನೈಟ್ ಹಾಕ್ಸಿ. ಬೇಡ ಅಂದ್ರೆ ಇದಕ್ಕೂ ಒಂದು ಕೋಟ್ ಹೊಡೀಲಾ?"

ನನಗೆ ನಗು ಬಂತು. ನನ್ನ ನಗು ಸ್ವಲ್ಪ ಕಷ್ಟದ್ದು. ಮೊದಲು ಕಣ್ಣಲ್ಲಿ ನೀರು, ಆಮೇಲೆ ಬಿಕ್ಕಳಿಕೆ, ಕೊನೆಗೆ ಯಾರಾದರೂ ಬೆನ್ನು ತಟ್ಟಬೇಕು. ಒಳಗಿನಿಂದ ನಮ್ಮ ಯಜಮಾನರು, "ಏನಾಯ್ತು? ವಂಡಿ ನೆಪ್ಪಾಯ್ತಾ?" ಎಂದು ಕೇಳುತ್ತಾ ಬಂದು ಬೆನ್ನು ತಟ್ಟಿದರು. ಅವರ ಹೆಸರು ನಾನು ಹೇಳುವುದಿಲ್ಲ. ಗಂಡನ ಹೆಸರು ಹೇಳಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಾನು ಈ ಮನೆಗೆ ಬಂದ ದಿನವೇ ಅತ್ತೆ ಹೇಳಿದ್ದರು. ಈಗ ಯಜಮಾನರಿಗೆ ಎಂಬತ್ತು ಸಮೀಪಿಸಿದೆ, ಹಲ್ಲೆಲ್ಲ ಗಟ್ಟಿಯಾಗಿದೆ. ಆದ್ದರಿಂದ ಈ ವಯಸ್ಸಿನಲ್ಲಿ ಹೊಸ ಪ್ರಯೋಗ ಮಾಡುವುದು ಬೇಡ.

ಬಿಜುವಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅವನಿಗೆ ಹೇಳುವಾಗ ಕೆಲಸ ಅರ್ಧ ದಿನ ನಿಂತಿತು. ನಿಮಗೂ ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬನ್ನಿ.

ನನ್ನ ತವರು ಗುಂಡ್ಲುಪೇಟೆಯ ಕಡೆ. ನಮ್ಮಪ್ಪನಿಗೆ ಒಂದು ಬೀಡಾ ಅಂಗಡಿ, ಮೂವರು ಹೆಣ್ಣುಮಕ್ಕಳು. ನನ್ನನ್ನು ನೋಡಲು ಬಂದ ಸಂಬಂಧವನ್ನು ತಂದವರು ನಮ್ಮ ದೂರದ ಮಾವ. ಅವರು ಜಗಲಿಯಲ್ಲಿ ಕೂತು ವರ್ಣಿಸಿದ್ದು ನನಗೆ ಈಗಲೂ ಬಾಯಿಪಾಠ. "ಹುಡುಗ ವಯನಾಡಲ್ಲಿ ಅವ್ನೆ. ಕಬಿನಿ ದಾಟಿದ್ರೆ ಮರಕ್ಕಡವು, ಅಲ್ಲೇ ಮೆಣಸಿನ ತೋಟದ ವಳಗೆ ಮನೆ. ಮನೆ ಅಂದ್ರೆ ಏನ್ ಮನೆ ಅಂತೀರಿ! ಪೂರ್ತಿ ಅಲ್ಮೀನಿಯಮ್ಮು. ಸುತ್ತ ಗಾಜಿನ ಕಿಟಕಿ. ಮಂಚ ಗೋಡೆಯಿಂದ್ಲೇ ಬತ್ತದೆ. ಮನೆ ವಳಗೇ ನಲ್ಲಿ!"

ಆ ಕಾಲದಲ್ಲಿ ನಮ್ಮ ಮನೆಯಲ್ಲಿದ್ದ ಅಲ್ಯೂಮಿನಿಯಂ ಎಂದರೆ ಎರಡು ಡಬರಿ. ಅವು ನೆಂಟರು ಬಂದಾಗ ಮಾತ್ರ ಅಟ್ಟದಿಂದ ಇಳಿಯುತ್ತಿದ್ದವು. ಡಬರಿಗೇ ಅಷ್ಟು ಮರ್ಯಾದೆ ಇರುವಾಗ ಮನೆಯೇ ಅಲ್ಯೂಮಿನಿಯಂ ಎಂದರೆ ಅವರು ಎಂಥ ಸ್ಥಿತಿವಂತರಿರಬೇಕು! ಅಪ್ಪ ಒಪ್ಪಿದ. ನಾನು ಹತ್ತನೆಯ ತರಗತಿಯವರೆಗೆ ಓದಿದವಳು, ಕನಿಷ್ಠ "ಮನೆ ಓಡುತ್ತದೆಯೇ?" ಎಂದಾದರೂ ಕೇಳಬೇಕಿತ್ತು. ನಾನು ಕೇಳಿದ್ದು ನಲ್ಲಿಯಲ್ಲಿ ಬಿಸಿನೀರು ಬರುತ್ತದೆಯೇ ಎಂದು.

ಮದುವೆ ಮುಗಿಸಿ ಬೈರಕುಪ್ಪೆಯ ಕಡೆಯಿಂದ ಹೊಳೆ ದಾಟಿದೆವು. ದಾಟಿಸಿದವನು ತೋಣಿ ಮಾರ. ಅಲ್ಲಿ ದೋಣಿಗೆ ತೋಣಿ ಎನ್ನುತ್ತಾರೆ. ಮಾರ ಕಾಡಿನ ಕಡೆಯವನು, ತೆಳ್ಳಗೆ ಉದ್ದಕ್ಕೆ ಇದ್ದ. ಅವನು ಹುಟ್ಟು ಹಾಕುತ್ತಾ ನನ್ನನ್ನು ಕನಿಕರದಿಂದ ನೋಡಿ, "ವಂಡಿ ಮನೆಗಾ ಸೊಸೆ?" ಎಂದ. ನನಗೆ ಅರ್ಥವಾಗಲಿಲ್ಲ. ದಡ ಹತ್ತಿ, ಮೆಣಸಿನ ಬಳ್ಳಿಗಳ ನಡುವೆ ನಡೆದು, ಒಂದು ಹಲಸಿನ ಮರದ ಕೆಳಗೆ ಬಂದಾಗ ಅರ್ಥವಾಯಿತು. ವಂಡಿ ಎಂದರೆ ಗಾಡಿ. ಅಲ್ಲಿ ನಿಂತಿತ್ತು ನನ್ನ ಗಂಡನ ಮನೆ: ಮುಂದೊಂದು ಮೂಗು, ಎರಡು ಕುರುಡು ದೀಪ, ಕೆಳಗೆ ನಾಲ್ಕು ಚಕ್ರ.

ದೂರದ ಮಾವ ಒಂದು ಸುಳ್ಳನ್ನೂ ಹೇಳಿರಲಿಲ್ಲ ನೋಡಿ. ಅಲ್ಯೂಮಿನಿಯಂ ಗೋಡೆ ಇತ್ತು, ಗಾಜಿನ ಕಿಟಕಿ ಇತ್ತು, ಮಂಚ ಗೋಡೆಯಿಂದಲೇ ಮಡಚಿಕೊಂಡು ಬರುತ್ತಿತ್ತು. ನಲ್ಲಿಯೂ ಇತ್ತು, ನೀರು ಮಾತ್ರ ಇರಲಿಲ್ಲ. ಚಕ್ರದ ವಿಷಯ ಯಾರೂ ಕೇಳದಿದ್ದರಿಂದ ಅವರು ಹೇಳಿರಲಿಲ್ಲ.

ಹೊಸ ಸೊಸೆ ಹೊಸ್ತಿಲ ಮೇಲಿಟ್ಟ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಮೆಲ್ಲಗೆ ಒದ್ದು ಒಳಗೆ ಬರಬೇಕಲ್ಲ? ಅತ್ತೆ ಗಾಡಿಯ ಅಲ್ಯೂಮಿನಿಯಂ ಮೆಟ್ಟಿಲಿಗೆ ಅರಿಸಿನ ಬಳಿದು, ಕುಂಕುಮ ಇಟ್ಟು, ಅದರ ಮೇಲೆ ಸೇರು ಇಟ್ಟಿದ್ದರು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದಿದ್ದವು. ಒದ್ದೆ. ಸೇರು ಅಕ್ಕಿ ಚೆಲ್ಲುತ್ತಾ ಉರುಳಿತು, ಉರುಳಿತು, ಮನೆಯ ಉದ್ದಕ್ಕೂ ಉರುಳಿ ಸ್ಟಿಯರಿಂಗಿನ ಕೆಳಗೆ ಹೋಗಿ ಬ್ರೇಕಿಗೆ ಢಣ್ ಎಂದು ಬಡಿದು ನಿಂತಿತು. ನೆಂಟರೆಲ್ಲ ಅಪಶಕುನ ಎಂದು ಪಿಸುಗುಟ್ಟಿದರು.

ಅತ್ತೆ ಮಾತ್ರ, "ಒಳ್ಳೇದೇ ಆಯ್ತು ಬುಡು. ನಮ್ಮನೆ ಐಶ್ವರ್ಯ ಇನ್ನೆಲ್ಲೂ ಹೋಗಾಕಿಲ್ಲ, ಬಿರೇಕು ಹಾಕ್ಬುಟ್ಟಳು ಸೊಸೆ" ಎಂದರು. ನನಗೆ ನಗು ಬಂತು. ಮೊದಲು ಕಣ್ಣಲ್ಲಿ ನೀರು, ಆಮೇಲೆ ಬಿಕ್ಕಳಿಕೆ. ಆವತ್ತು ಮೊದಲ ಸಲ ಯಜಮಾನರು ನನ್ನ ಬೆನ್ನು ತಟ್ಟಿದರು.

ಗಾಡಿಯ ಚರಿತ್ರೆ ಚಿಕ್ಕದು. ತೋಟದ ಮುದಲಾಳಿ, ಅಂದರೆ ಮಾಲೀಕ, ಊಟಿ ಬಿಟ್ಟು ಹೋಗುತ್ತಿದ್ದ ಯಾವನೋ ಬಿಳಿ ದೊರೆಯಿಂದ ಬೇಟೆಗೆಂದು ಅದನ್ನು ಕೊಂಡಿದ್ದನಂತೆ. ಎರಡು ಬೇಟೆಗೆ ಹೋಗಿ ಬಂದಿತು. ಮೂರನೆಯದಕ್ಕೆ ಹೊರಟಾಗ ಹಲಸಿನ ಮರದ ಕೆಳಗೆ ಅದರ ಇಂಜಿನ್ನು ಪ್ರಾಣ ಬಿಟ್ಟಿತು. ಎತ್ತು ಕಟ್ಟಿ ಎಳೆದರೂ ಕದಲಲಿಲ್ಲ. ಮೆಣಸು ಕಾಯುವ ಕೆಲಸಕ್ಕೆ ಕರ್ನಾಟಕದಿಂದ ಬಂದಿದ್ದ ನನ್ನ ಮಾವನವರಿಗೆ, "ಅದರಲ್ಲೇ ಇದ್ದುಕೋ" ಎಂದು ಮುದಲಾಳಿ ಹೇಳಿದ. ಮಾವ ಇದ್ದರು, ಅತ್ತೆಯನ್ನು ಕರೆತಂದರು, ಯಜಮಾನರು ಆ ಮಡಚುವ ಮಂಚದಲ್ಲೇ ಹುಟ್ಟಿದರು. ಮಾವ ತೀರಿಕೊಂಡಾಗ ಹಲಸಿನ ಮರದ ಆಚೆ ಮಣ್ಣು ಮಾಡಿದರು. ಅತ್ತೆ ಕಾವಲು ಮುಂದುವರಿಸಿದರು, ಯಜಮಾನರು ಪುಲ್ಪಳ್ಳಿಯ ಒಂದು ಕಿರಾಣಿ ಅಂಗಡಿಯಲ್ಲಿ ಸಾಮಾನು ತೂಗುತ್ತಿದ್ದರು.

ಅದು ಕೇರಳದ ಉದ್ದಕ್ಕೂ ಭೂಮಿಯ ಮಾತೇ ಮಾತಾಗಿದ್ದ ಕಾಲ. ಕಾಡಿನಲ್ಲಿ ನಕ್ಸಲರು, ರಸ್ತೆಯಲ್ಲಿ ಪೊಲೀಸರು, ಚಹಾದಂಗಡಿಯಲ್ಲಿ ಇಬ್ಬರ ಬಗ್ಗೆಯೂ ಪಿಸುಮಾತು. ಜಮೀನುದಾರರ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ಗುಡಿಸಲಿನ ಸುತ್ತಲ ಹತ್ತು ಸೆಂಟು ನೆಲ ಸ್ವಂತವಾಗುತ್ತದೆ ಎಂದು ಕಾನೂನು ಬಂದಿತ್ತು. ಅತ್ತೆಯೂ ಅರ್ಜಿ ಹಾಕಿದರು. ತೋಟದ ಮೇನೇಜರು ನಕ್ಕುಬಿಟ್ಟರು. "ಅದು ಗುಡಿಸಲಲ್ಲ, ವಂಡಿ. ನಮ್ಮ ವಂಡಿ ನಮ್ಮ ನೆಲದಲ್ಲಿ ನಿಂತಿದೆ. ಲಾರಿಯಲ್ಲಿ ಮಲಗುವ ಕ್ಲೀನರಿಗೆ ರಸ್ತೆ ಬರೆದುಕೊಡ್ತಾರೇನು?" ಎಂದರು. ಕೊನೆಗೆ ಕಲ್ಪೆಟ್ಟದಿಂದ ಒಬ್ಬರು ಇನ್ಸ್‌ಪೆಕ್ಟರು ಬಂದು ನೋಡುವುದು, ಅದು ಮನೆಯೆಂದು ಬರೆದರೆ ನೆಲ ನಮ್ಮದು, ಗಾಡಿಯೆಂದು ಬರೆದರೆ ನಾವು ಖಾಲಿ ಮಾಡಬೇಕು ಎಂದು ತೀರ್ಮಾನವಾಯಿತು. ಖಾಲಿ ಮಾಡಿದರೆ ಹೊಳೆಯಾಚೆ ಹೋಗಿ ಯಜಮಾನರ ದೊಡ್ಡಪ್ಪನ ಕೊಟ್ಟಿಗೆಯ ಪಕ್ಕದಲ್ಲಿ ಬದುಕಬೇಕಿತ್ತು. ಅತ್ತೆ ತಾನೇ ನಿಂತು ತೋಡಿಸಿದ ಬಾವಿ, ತಾನೇ ನೆಟ್ಟ ನುಗ್ಗೆ, ಮಾವನ ಮಣ್ಣು, ಎಲ್ಲ ಈ ದಡದಲ್ಲೇ ಉಳಿಯುತ್ತಿತ್ತು. ನೋಟೀಸು ಬಂದ ದಿನ ಅತ್ತೆ ಕತ್ತಲಾಗುವವರೆಗೆ ಬಾವಿಯಿಂದ ನೀರು ಸೇದಿ ಸೇದಿ ನುಗ್ಗೆಯ ಬುಡಕ್ಕೆ ಹಾಕಿದರು.

ಇನ್ಸ್‌ಪೆಕ್ಟರು ಬರಲು ಹದಿನೈದು ದಿನವಿತ್ತು. ಮನೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು ನಾನೊಬ್ಬಳೇ. ಆ ಗರ್ವದಲ್ಲಿ ಹೇಳಿದೆ: "ಗಾಡಿ ಗಾಡಿಯಂಗೆ ಕಂಡ್ರೆ ಗಾಡಿ ಅಂತಾರೆ. ಬಣ್ಣ ಬಳಿದು ಮನೆಯಂಗೆ ಮಾಡಾವ." ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓದಿದೋಳು ಹೇಳ್ತಾಳೆ, ಮಾಡನ ಬುಡು" ಎಂದರು.

ಬಣ್ಣವೆಂದರೆ ನನಗೆ ಗೊತ್ತಿದ್ದದ್ದು ಸುಣ್ಣ. ತವರಿನಲ್ಲಿ ಯುಗಾದಿಗೆ ಮುಂಚೆ ಅಪ್ಪ ಹರವಿಯಲ್ಲಿ ಸುಣ್ಣ ನೆನೆಸುತ್ತಿದ್ದ. ಅದು ಕೊತಕೊತ ಕುದಿಯುವುದನ್ನು ನೋಡಲು ನಾವು ಮೂವರೂ ಸುತ್ತ ನಿಲ್ಲುತ್ತಿದ್ದೆವು. ಕತ್ತಾಳೆ ನಾರಿನ ಕುಂಚ, ಚಿಟಿಕೆ ನೀಲಿ. ಸಂಜೆಯ ಹೊತ್ತಿಗೆ ಗೋಡೆಗಿಂತ ಅಪ್ಪನೇ ಹೆಚ್ಚು ಬೆಳ್ಳಗಿರುತ್ತಿದ್ದ, ಅಮ್ಮ ಅವನಿಗೆ ಹೊರಗೇ ಊಟ ಹಾಕುತ್ತಿದ್ದಳು. ಆ ಸುಣ್ಣದ ವಾಸನೆಯಿಲ್ಲದೆ ನನಗೆ ಹಬ್ಬವೇ ಇಲ್ಲ. ಹಾಗಾಗಿ ಇಲ್ಲೂ ಸುಣ್ಣ ನೆನೆಸಿ, ದಪ್ಪಗೆ ಕಲಸಿ, ಗಾಡಿಯ ಮೂಗಿನಿಂದ ಶುರುಮಾಡಿದೆ.

ಅಲ್ಯೂಮಿನಿಯಂ ಮೇಲೆ ಸುಣ್ಣ ಬಳಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿದೆಯೋ? ನನಗೆ ಗೊತ್ತಿರಲಿಲ್ಲ. ಮೊದಲು ಸಣ್ಣಗೆ ಸುಯ್ ಎಂದಿತು. ಆಮೇಲೆ ಗೋಡೆಯ ತುಂಬಾ ಗುಳ್ಳೆ. ಗುಳ್ಳೆ ಒಡೆದು ಇನ್ನೊಂದು ಗುಳ್ಳೆ. ಇಡೀ ಮನೆ ನೊರೆಯುಗುಳುತ್ತಾ ಉಸ್ ಉಸ್ ಎಂದಿತು. ಮೀನು ಕೊಡಲು ಬಂದಿದ್ದ ಮಾರ ಬುಟ್ಟಿ ಕೆಳಗಿಟ್ಟು ಕೈಮುಗಿದುಬಿಟ್ಟ. "ಅಮ್ಮಾ, ವಂಡಿಗೆ ಜೀವ ಬಂತು! ಇಷ್ಟು ವರ್ಸ ನಿದ್ದೆ ಮಾಡಿತ್ತು, ಈಗ ಎದ್ದದೆ!" ಅತ್ತೆ ಮಾತ್ರ ಧೈರ್ಯವಾಗಿ ಹತ್ತಿರ ಹೋಗಿ ಗೋಡೆಗೆ ಕಿವಿಯಿಟ್ಟು ಕೇಳಿದರು. "ಜೀವಾನೂ ಇಲ್ಲ, ಗೀವಾನೂ ಇಲ್ಲ. ಅದಕ್ಕೆ ಅಜೀರ್ಣ ಆಗದೆ" ಎಂದು ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಸುರಿದರು. ಸುಣ್ಣ ಹಪ್ಪಳದಂತೆ ಎದ್ದು ಬಿತ್ತು. ಬೆಳ್ಳಿಯಂತಿದ್ದ ಗೋಡೆಗೆ ಕಪ್ಪು ಕಪ್ಪು ಮಚ್ಚೆ ಉಳಿಯಿತು. ಮನೆಯಂತೆ ಕಾಣಬೇಕಿದ್ದ ಗಾಡಿ ಈಗ ಸಿಡುಬು ಬಂದ ಗಾಡಿಯಾಯಿತು.

ಆಗ ಮಾರ ಕೆಲಸವನ್ನು ಕೈಗೆತ್ತಿಕೊಂಡ. "ಮೊದ್ಲು ಸೂರು ನೋಡ್ಬೇಕು. ಸೋರೋ ಮನೇನ ಯಾವ ಸಾರ್ ಮನೆ ಅಂತಾರೆ?" ಎಂದ. ಅವನಿಗೆ ಗೊತ್ತಿದ್ದದ್ದು ತೋಣಿಯೊಂದೇ. ಆದರೆ ಅವನ ಲೆಕ್ಕದಲ್ಲಿ ಸೂರೆಂದರೆ ಮಗುಚಿದ ತೋಣಿ. ತೋಣಿಯ ತೂತನ್ನು ಒಳಗೆ ಕೂತವರೇ ಕಂಡುಹಿಡಿಯಬೇಕು. ಆದ್ದರಿಂದ ಅತ್ತೆ, ಯಜಮಾನರು, ನಾನು ಮೂವರೂ ಗಾಡಿಯೊಳಗೆ ಸಾಲಾಗಿ ಅಂಗಾತ ಮಲಗಬೇಕು, ಅವನು ಮೇಲೆ ನೀರು ಸುರಿಯುತ್ತಾನೆ, ಯಾರ ಮೇಲೆ ಹನಿ ಬೀಳುತ್ತದೋ ಅವರು "ಕಂಡೆ!" ಎಂದು ಕೂಗಿ ಬೆರಳು ತೋರಿಸಬೇಕು. ಮಲಗಿದೆವು. ಅತ್ತೆ ನಡುವೆ, ನಾವಿಬ್ಬರು ಆಚೀಚೆ, ಹೊಸದಾಗಿ ಮದುವೆಯಾದವರು. "ಕಂಡೆ!" "ಕಂಡೆ!" "ಅಯ್ಯೋ, ಬಾಯೊಳಗೇ ಬಿತ್ತು!" ಅತ್ತೆ ಮೊದಲು ನಕ್ಕರು, ಆಮೇಲೆ ಯಜಮಾನರು, ನನ್ನ ಕಥೆ ನಿಮಗೆ ಗೊತ್ತೇ ಇದೆ. ಮೇಲಿನಿಂದ ಮಾರ, "ತೂತು ಹೇಳಿ ಅಂದ್ರೆ ನಗ್ತೀರಲ್ಲ" ಎಂದು ಬೈಯುತ್ತಿದ್ದ. ಒಟ್ಟು ಹನ್ನೊಂದು ತೂತು ಸಿಕ್ಕವು. ಒಂಬತ್ತು ಅತ್ತೆಯ ಪಾಲಿಗೆ.

ಮಾರ ಕಾಡಿನಿಂದ ರಾಳ ತಂದು, ಎಣ್ಣೆಯಲ್ಲಿ ಕರಗಿಸಿ, ತೆಂಗಿನ ನಾರಿನ ಜೊತೆ ಹನ್ನೊಂದು ತೂತಿಗೂ ತುರುಕಿದ. ಮನೆಯೆಲ್ಲ ದೇವಸ್ಥಾನದ ವಾಸನೆ. ಅತ್ತೆ ಒಂದು ತಿಂಗಳು ದೇವರಿಗೆ ಧೂಪ ಹಾಕಲಿಲ್ಲ, "ಸೂರೇ ಹಾಕ್ತಾ ಅದೆಯಲ್ಲ" ಎಂದರು. ಎರಡೇ ದಿನಕ್ಕೆ ಆ ರಾಳ ಹುಡುಕಿಕೊಂಡು ನಸರಿ ಜೇನು ಬಂತು. ಸೊಳ್ಳೆಯಷ್ಟು ಚಿಕ್ಕ ಜೇನು, ಕಚ್ಚುವುದಿಲ್ಲ, ಅಂಟು ಕಂಡರೆ ಬಿಡುವುದಿಲ್ಲ. ಮಾರ ತುಂಬಿದ್ದನ್ನು ಅವು ಚೂರು ಚೂರೇ ಹೊತ್ತುಕೊಂಡು ಹೋಗಿ ಗಾಡಿಯ ಗೋಡೆಯ ಸಂದಿಯಲ್ಲೇ ಗೂಡು ಕಟ್ಟಿದವು. ಮಾರನಿಗೆ ಬೇಸರವಾಗಲಿಲ್ಲ. "ಅವಕ್ಕೂ ಮನೆ ಅಂತ ಗೊತ್ತಾಗದೆ, ಸಾರಿಗೆ ಗೊತ್ತಾಗಾಕಿಲ್ವಾ?" ಎಂದು ಮತ್ತೆ ರಾಳ ತುಂಬಿದ.

ಇನ್ನು ಗೋಡೆ. ಸೂರಿಗೂ ಗೋಡೆಗೂ ಒಟ್ಟಿಗೇ ಆಗಲೆಂದು ಮಾರ ತೋಣಿಗೆ ಬಳಿಯುವ ಬಣ್ಣವನ್ನೇ ಕಲಸಿದ: ಕೆಂಪು ಕಾವಿ, ಮೀನೆಣ್ಣೆ. ಮಚ್ಚೆಯೆಲ್ಲ ಮುಚ್ಚಿಹೋಯಿತು. ಊರಿನ ಬೆಕ್ಕುಗಳೆಲ್ಲ ಬಂದು ನಮ್ಮ ಗೋಡೆ ನೆಕ್ಕಲು ಶುರುಮಾಡಿದವು ಅನ್ನುವುದನ್ನು ಬಿಟ್ಟರೆ ಕೆಲಸ ಚೊಕ್ಕವಾಗಿತ್ತು. ಸಂಜೆಯ ಬಿಸಿಲಿನಲ್ಲಿ ನಮ್ಮ ಮನೆ ಕೆಂಪಗೆ ಹೊಳೆಯಿತು. ಅಡಿಯಿಂದ ಮುಡಿಯವರೆಗೆ ಕೆಂಪು. ಆ ಕಾಲದಲ್ಲಿ, ಆ ಊರಿನಲ್ಲಿ, ಕಾಡಿನ ಅಂಚಿಗೆ, ಇಡೀ ಮನೆಗೆ ಕೆಂಪು ಬಳಿದ ಬುದ್ಧಿವಂತರು ನಾವೇ ಇರಬೇಕು. ಕೆಂಪೆಂದರೆ ಏನೆಂದು ಪೇಪರು ಓದುವ ನನಗಾದರೂ ಹೊಳೆಯಬೇಕಿತ್ತು.

ಮೂರನೆಯ ಬೆಳಿಗ್ಗೆ ಜಾಥಾ ಹೊರಟಿದ್ದ ನಾಲ್ಕು ಹುಡುಗರು ದಾರಿಯಲ್ಲಿ ನಿಂತು, ನಮ್ಮ ಮನೆ ನೋಡಿ, ಮುಷ್ಟಿ ಮೇಲೆತ್ತಿದರು. ಬಾವಿಕಟ್ಟೆಯಲ್ಲಿದ್ದ ಅತ್ತೆಯೂ ಮುಷ್ಟಿ ಎತ್ತಿದರು. ಮನೆಗೆ ಬಂದವರು ಏನು ಮಾಡುತ್ತಾರೋ ಅದನ್ನು ತಿರುಗಿ ಮಾಡುವುದು ಮರ್ಯಾದೆ ಎಂದು ಅವರ ನಂಬಿಕೆ. ಹುಡುಗರು ಒಂದು ಮಡಕೆ ಮಜ್ಜಿಗೆ ಕುಡಿದು ಹೋದರು. ಮಧ್ಯಾಹ್ನ ಪೊಲೀಸ್ ಜೀಪು ಬಂತು.

ದಪ್ಪ ಮೀಸೆಯ ಹೆಡ್ ಕಾನ್‌ಸ್ಟೇಬಲ್ ಗಾಡಿಯ ಸುತ್ತ ಎರಡು ಸುತ್ತು ಹಾಕಿ, "ಯಾವ ಪಾರ್ಟಿಯ ಆಫೀಸು ಇದು?" ಎಂದು ಮಲಯಾಳದಲ್ಲಿ ಕೇಳಿದ. ಅತ್ತೆ, "ಮೀನು ಪಾರ್ಟಿ. ಮೂಸಿ ನೋಡಿ ಸಾರೇ" ಎಂದರು. ಅವನು ನಿಜವಾಗಿಯೂ ಹತ್ತಿರ ಹೋಗಿ ಮೂಸಿದ. ಆಮೇಲೆ ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡೇ ಮಾತಾಡಿದ. ಕೊನೆಗೆ ಅವನಿಗೂ ನಗು ಬಂತೇನೋ, ಮೀಸೆ ಅಲುಗಿತು. "ಬಣ್ಣ ಬದಲಾಯಿಸಿ. ನಾನು ಮೂಸಿ ನೋಡಿದೆ, ಎಲ್ಲರೂ ಮೂಸಿ ನೋಡೋದಿಲ್ಲ" ಎಂದು ಹೇಳಿ ಹೋದ. ಒಳ್ಳೆಯ ಮನುಷ್ಯ, ಅವನು ಹೇಳಿದ್ದು ನಿಜವೇ ಆಗಿತ್ತು.

ಯಜಮಾನರು ಬಸ್ಸು ಹತ್ತಿ ಕಲ್ಪೆಟ್ಟಕ್ಕೆ ಹೋಗಿ ಬಿಳಿ ಎಣ್ಣೆಬಣ್ಣದ ಡಬ್ಬಿ ತಂದರು. ಅದಕ್ಕೆ ನಾನು ಬಟ್ಟೆಗೆ ಹಾಕುವ ನೀಲಿ ಕಲಸಿದೆ. ಅಪ್ಪ ಹಾಕುತ್ತಿದ್ದ ಚಿಟಿಕೆಯ ನೆನಪಿನಲ್ಲಿ ಹಾಕಲು ಹೋಗಿ ಪೊಟ್ಟಣವೇ ಬಿತ್ತು. ಆಕಾಶದ ಬಣ್ಣ ಬಂತು. ಗೋಡೆಗೆ ಸಾಕಾಯಿತು, ಸೂರಿಗೆ ಉಳಿಯಲಿಲ್ಲ. ಸೂರು ಕೆಂಪಗೇ ಇರಲಿ, ಹೆಂಚು ಕೆಂಪಗೇ ತಾನೇ ಇರುವುದು ಎಂದೆ. ಅಷ್ಟು ಹೇಳಿ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಏಣಿ ಹತ್ತಿ, ಕಾಡಿಗೆ ಮಸಿಯಲ್ಲಿ ಇಡೀ ಸೂರಿನ ಮೇಲೆ ಒಂದೊಂದೇ ಹೆಂಚು ಬರೆಯಲು ಕೂತೆ. ಮೂರು ದಿನ ಬರೆದೆ. ಮಂಡಿ ಸುಲಿಯಿತು, ಬೆನ್ನು ಬಾಗಿತು. ಕೊನೆಯ ಹೆಂಚು ಮುಗಿಸಿ, ಇಳಿದು, ಹತ್ತು ಹೆಜ್ಜೆ ಹಿಂದೆ ಹೋಗಿ ಸೊಂಟಕ್ಕೆ ಕೈಯಿಟ್ಟು ನೋಡಿದೆ. ಏನೂ ಕಾಣಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ಹೋದೆ. ಆಗಲೂ ಕಾಣಲಿಲ್ಲ. ಚಪ್ಪಟೆ ಸೂರಿನ ಮೇಲಿನ ಹೆಂಚು ನೆಲದಲ್ಲಿ ನಿಂತವರಿಗೆ ಕಾಣುವುದಿಲ್ಲವೆಂದು ಮೂರು ದಿನದಲ್ಲಿ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅತ್ತೆ ಬಹಳ ಹೊತ್ತು ಯೋಚಿಸಿ, "ಕಾಗೆ ನೋಡ್ತವೆ ಬುಡು" ಎಂದು ಸಮಾಧಾನ ಮಾಡಿದರು.

ಕುಂಚ ಕೈಯಲ್ಲಿದ್ದರೆ ಮನುಷ್ಯರಿಗೆ ಒಂದು ಬಗೆಯ ಹುಚ್ಚು ಹಿಡಿಯುತ್ತದೆ. ಬಿಜುವನ್ನು ಕೇಳಿದೆ, ಅವನೂ ಹೌದೆಂದ. ಅಡಿಗೆಯ ಕಿಟಕಿಯ ಮೇಲೆ ವರ್ಷಗಟ್ಟಲೆಯ ಹೊಗೆ ಕಪ್ಪಗೆ ಹಿಡಿದಿತ್ತು. ನೀಲಿ ಬಳಿದೆ. ಬಾಗಿಲ ಚೌಕಟ್ಟಿನಲ್ಲಿ ಯಜಮಾನರು ಬೆಳೆದಂತೆಲ್ಲ ಮಾವನವರು ಎತ್ತರ ಅಳೆದು ಚಾಕುವಿನಿಂದ ಗೀರಿದ ಗೆರೆಗಳಿದ್ದವು. ಮೇಣ ತುಂಬಿ ನೀಲಿ ಬಳಿದೆ. ಹಳೆಯದೇನೂ ಕಾಣದಂತೆ, ಇವತ್ತು ಕಟ್ಟಿದ ಮನೆಯಂತೆ ಆಯಿತು. ಕೊನೆಗೆ ಉಳಿದದ್ದು ಆ ಅಲ್ಯೂಮಿನಿಯಂ ಮೆಟ್ಟಿಲು. ಅರಿಸಿನ ಹತ್ತಿ ಹತ್ತಿ ಕಂದುಗಟ್ಟಿ, ನಡುವೆ ತಗ್ಗಾಗಿತ್ತು. ನೀಲಿಯ ನಡುವೆ ಅದೊಂದು ಕೊಳಕಾಗಿ ಕಾಣುತ್ತಿತ್ತು. ಕುಂಚ ಅದ್ದಿದೆ, ಬಗ್ಗಿದೆ. ಕೈಮೇಲೆ ಪಟ್ ಎಂದು ಸೌಟಿನ ಪೆಟ್ಟು ಬಿತ್ತು.

"ಹೊಸ್ತಿಲಿಗೆ ಯಾರಾದ್ರೂ ಬಣ್ಣ ಬಳೀತಾರಾ? ಅರಿಸಿನ ಬಿಟ್ರೆ ಅದಕ್ಕೆ ಇನ್ನೊಂದು ಬಣ್ಣ ಇಲ್ಲ. ಓದಿದ್ದು ಸಾಕು, ಎದ್ದೇಳು!" ಅತ್ತೆಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ. ನನಗೂ ಸಿಟ್ಟು ಬಂತು. ಆ ದಿನ ಊಟ ಮಾಡದೆ ಸ್ಟಿಯರಿಂಗಿನ ಮುಂದಿನ ಸೀಟಿನಲ್ಲಿ ಮುನಿಸಿಕೊಂಡು ಕೂತೆ. ತವರಿಗೆ ಹೋಗುವಷ್ಟೇ ಸಿಟ್ಟಿತ್ತು, ಇಂಜಿನ್ನಿರಲಿಲ್ಲ.

ಯಜಮಾನರೂ ಮಾರನೂ ಸುತ್ತಲೂ ಮಣ್ಣಿನ ಜಗಲಿ ಕಟ್ಟಿ ಚಕ್ರ ಮುಚ್ಚಿದರು. ಇನ್ಸ್‌ಪೆಕ್ಟರು ಬಂದರು. ತೆಳ್ಳಗಿನ ಮನುಷ್ಯ, ಕೊಡೆ, ಚರ್ಮದ ಚೀಲ, ಹೊಳೆಯುವ ಕಪ್ಪು ಶೂ. ಹಿಂದೆಯೇ ತೋಟದ ಮೇನೇಜರು. ಇನ್ಸ್‌ಪೆಕ್ಟರು ದೂರದಿಂದಲೇ ನಿಂತು ನೋಡಿ, "ಇದು ವೀಡಾಣೋ, ವಂಡಿಯಾಣೋ?" ಎಂದರು. ಮನೆಯೋ, ಗಾಡಿಯೋ? ನಾವು ಮೂವರೂ ಒಟ್ಟಿಗೇ "ಮನೆ" ಎಂದೆವು.

ಮೇನೇಜರು ಮುಂದೆ ಬಂದು ಗೋಡೆ ಮುಟ್ಟಿದರು. ಬೆರಳು ನೀಲಿಯಾಯಿತು. ಆ ಬೆರಳನ್ನು ಇನ್ಸ್‌ಪೆಕ್ಟರ ಮುಂದೆ ಹಿಡಿದು, "ನೋಡಿ ಸಾರ್, ಬಣ್ಣ ಇನ್ನೂ ಒಣಗಿಲ್ಲ. ನಿನ್ನೆ ಮೊನ್ನೆಯ ನಾಟಕ. ಇಷ್ಟು ವರ್ಷ ಇಲ್ಲೇ ಸಂಸಾರ ಮಾಡಿದ್ರೆ ಒಂದು ಹೊಗೆಯ ಮಸಿ ಇರಬಾರದಾ? ಒಂದು ಗೀರು? ಒಂದು ಮೊಳೆ?" ಎಂದರು.

ಮಸಿ ಇತ್ತು, ಗೀರು ಇತ್ತು. ನಾನೇ ಬಳಿದಿದ್ದೆ. ಇಲ್ಲಿ ಇಷ್ಟು ವರ್ಷ ಜನ ಬದುಕಿದ್ದರು ಎನ್ನಲು ಇದ್ದ ಸಾಕ್ಷಿಯನ್ನೆಲ್ಲ ನಾನೇ ಕೂತು, ಹಾಡು ಹೇಳಿಕೊಂಡು, ಎರಡೆರಡು ಸಲ ಬಳಿದು ಮುಚ್ಚಿದ್ದೆ. ಯಜಮಾನರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ನನಗೆ ಅಳು ಬಂತು, ನಗುವಿನ ಕಣ್ಣೀರಲ್ಲ.

"ಒಳಗೆ ನೋಡೋಣ" ಎಂದು ಇನ್ಸ್‌ಪೆಕ್ಟರು ಹತ್ತಿದರು. ಹಿಂದೆ ಮೇನೇಜರು. ಮಡಚುವ ಮಂಚ ನೋಡಿದರು, ಒಲೆ ನೋಡಿದರು, ನೀರಿಲ್ಲದ ನಲ್ಲಿ ತಿರುಗಿಸಿದರು. ಮುಂದೆ ಹೋಗಿ, ಅತ್ತೆಯ ಒದ್ದೆ ಸೀರೆ ಸರಿಸಿದಾಗ ಸ್ಟಿಯರಿಂಗ್ ಕಾಣಿಸಿತು. ಮೇನೇಜರು ಅದನ್ನು ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ತೋರಿಸಿದರು. "ಯಾವ ಮನ್ಯಾಗೆ ಇದಿರ್ತದೆ ಸಾರ್?" ಎಂದು ನಮ್ಮ ಕನ್ನಡವನ್ನೇ ಅಣಕಿಸಿದರು. ಇನ್ಸ್‌ಪೆಕ್ಟರು ನಿಟ್ಟುಸಿರುಬಿಟ್ಟು ಚೀಲದಿಂದ ಕಾಗದ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಅವರೇನು ಬರೆಯಲಿದ್ದಾರೆಂದು ನಮಗೆಲ್ಲ ಗೊತ್ತಾಯಿತು.

ಅತ್ತೆ ಅಲ್ಲಿಯವರೆಗೆ ಕೆಳಗೇ ನಿಂತಿದ್ದರು. ಈಗ ಬಾಗಿಲಿಗೆ ಬಂದು ಕೇಳಿದರು.

"ಸಾರೇ, ನೀವು ಬಂದಿದ್ದು ಜೀಪಿನಾಗಲ್ವಾ?"

"ಹೌದು."

"ಜೀಪು ಹತ್ತೋವಾಗ ಮೆಟ್ಟು ಬುಟ್ಟು ಹತ್ತುದ್ರಾ?"

ಇನ್ಸ್‌ಪೆಕ್ಟರಿಗೆ ಅರ್ಥವಾಗಲಿಲ್ಲ. ಯಜಮಾನರು ಮಲಯಾಳದಲ್ಲಿ ಹೇಳಿದರು: ಜೀಪು ಹತ್ತುವಾಗ ಚಪ್ಪಲಿ ಬಿಟ್ಟು ಹತ್ತಿದಿರಾ ಎಂದು ಕೇಳುತ್ತಿದ್ದಾರೆ. ಅವರು ಬಗ್ಗಿ ತಮ್ಮ ಕಾಲು ನೋಡಿಕೊಂಡರು. ಬರಿಗಾಲು. ಅರಿಸಿನ ಕುಂಕುಮದ ಮೆಟ್ಟಿಲ ಕೆಳಗೆ ಕಪ್ಪು ಶೂ ಜೊತೆಯಾಗಿ, ಒಳಗೆ ಕಾಲುಚೀಲ ಮಡಚಿಟ್ಟುಕೊಂಡು ಕೂತಿತ್ತು. ಯಾವಾಗ ಬಿಚ್ಚಿದರೆಂದು ಅವರಿಗೇ ನೆನಪಿರಲಿಲ್ಲ.

"ನೀವಾದ್ರೆ ಇವತ್ತು ಬಂದೋರು" ಎಂದರು ಅತ್ತೆ. "ಮೇನೇಜರ್ ಸಾರ್ ಕಾಲು ನೋಡಿ."

ಮೇನೇಜರೂ ಬರಿಗಾಲಿನಲ್ಲಿದ್ದರು. ಅವರ ಚಪ್ಪಲಿ ಮೆಟ್ಟಿಲ ಎಡಗಡೆ, ನುಗ್ಗೆಯ ಬುಡದಲ್ಲಿತ್ತು.

"ಮೆಣಸು ನೋಡಾಕೆ ಬಂದಾಗೆಲ್ಲ ಅಲ್ಲೇ ಬುಡ್ತಾರೆ. ನಮ್ಮನೆಯೋರು ಬದುಕಿದ್ದಾಗ್ಲೂ ಅಲ್ಲೇ ಬುಡ್ತಿದ್ರು. ಒಂದಿನಾನೂ ಮೆಟ್ಟು ಹಾಕ್ಕಂಡು ನನ್ನ ಹೊಸ್ತಿಲು ತುಳುದೋರಲ್ಲ. ನಾನು ಸುಳ್ಳು ಹೇಳಬಾರದು, ಅವರು ಮರ್ಯಾದಸ್ತರು."

ಇನ್ಸ್‌ಪೆಕ್ಟರು ಪೆನ್ನು ಹಿಡಿದುಕೊಂಡೇ ಕೆಳಗಿಳಿದು ಮೆಟ್ಟಿಲ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಉಗುರಿನಿಂದ ಅಂಚನ್ನು ಕೆರೆದರು. ಅರಿಸಿನದ ಒಂದು ಪದರ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು, ಹಳದಿ ಕಂದಾಗಿ, ಕಂದು ಕಪ್ಪಾಗಿ, ಕಲ್ಲಿನಂತೆ ಕಚ್ಚಿಕೊಂಡಿತ್ತು. ಲೋಹ ಸಿಗುವಷ್ಟರಲ್ಲಿ ಅವರ ಉಗುರು ಸೋತಿತು. ತಲೆಯೆತ್ತಿ ಮೇನೇಜರನ್ನು ಕೇಳಿದರು: "ನೀವು ಯಾಕೆ ಚಪ್ಪಲಿ ಬಿಟ್ಟಿರಿ?"

"ಅದು ಸಾರ್... ಒಬ್ಬರ ಮನೆಯೊಳಗೆ ಹೋಗುವಾಗ..." ಎಂದು ಶುರುಮಾಡಿ ಮೇನೇಜರು ನಿಲ್ಲಿಸಿದರು.

ಮೊದಲು ನಕ್ಕವರು ಇನ್ಸ್‌ಪೆಕ್ಟರು. ಆಮೇಲೆ ಬೇಲಿಯಾಚೆ ನಿಂತಿದ್ದ ಮಾರ. ಪಾಪ, ಕೊನೆಗೆ ಮೇನೇಜರೂ ತಲೆ ಕೆರೆದುಕೊಂಡು ನಕ್ಕರು. ನಾನು ನಗಲಿಲ್ಲ. ಅತ್ತೆಯ ಸೌಟಿನ ಪೆಟ್ಟು ಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಇನ್ಸ್‌ಪೆಕ್ಟರು ಜಗಲಿಯ ಮೇಲೆ ಕೂತು, ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬರೆದರು. ಬರೆದದ್ದನ್ನು ಯಜಮಾನರು ಬಗ್ಗಿ ಓದಿದರು, ಓದಿ ನನ್ನ ಬೆನ್ನು ತಟ್ಟಿದರು, ಆಮೇಲೆ ನನಗೆ ನಗು ಬಂತು.

ಹತ್ತು ಸೆಂಟು ಅತ್ತೆಯ ಹೆಸರಿಗೆ ಬಂತು. ಕೆಲವು ವರ್ಷಗಳ ನಂತರ ಅದೇ ಜಾಗದಲ್ಲಿ ಇಟ್ಟಿಗೆಯ ಮನೆ ಕಟ್ಟಿದೆವು. ಗಾಡಿಯನ್ನು ಬಿಚ್ಚಿದಾಗ ಸೂರನ್ನು ಮಾತ್ರ ಕೋಳಿಗೂಡಿಗೆ ಹೊದಿಸಿದೆವು. ಕೋಳಿಗೂಡಿನ ಸೂರು ತಗ್ಗಾಗಿ ಇಳಿಜಾರಾಗಿದ್ದರಿಂದ ನನ್ನ ಹೆಂಚುಗಳು ಕೊನೆಗೂ ಜನರಿಗೆ ಕಂಡವು. ನಸರಿ ಜೇನು ಕೂಡ ಅಲ್ಲಿಗೇ ಮನೆ ಬದಲಾಯಿಸಿತು. ಮೆಟ್ಟಿಲನ್ನು ಅತ್ತೆ ತಾವೇ ಮುಂದೆ ನಿಂತು ಹೊಸ ಬಾಗಿಲಿಗೆ ಕೂರಿಸಿದರು. ಅವರು ಹೋಗಿ ಬಹಳ ಕಾಲವಾಯಿತು. ಈಗ ಬೆಳಿಗ್ಗೆ ಎದ್ದು ಅದಕ್ಕೆ ಅರಿಸಿನ ಹಚ್ಚುವವಳು ನಾನು. ಬಗ್ಗಿದಾಗೆಲ್ಲ ಬೆನ್ನ ಹಿಂದೆ ಸೌಟು ಹಿಡಿದು ನಿಂತಿದ್ದಾರೆ ಅನಿಸುತ್ತದೆ. ನಿಂತಿರಲಿ, ನನಗೆ ಅದು ಬೇಕು.

ಕಥೆ ಮುಗಿದಾಗ ಬಿಜು ಹೊಸ್ತಿಲ ಅಂಚನ್ನು ಉಗುರಿನಿಂದ ಒಮ್ಮೆ ಕೆರೆದು ನೋಡಿದ. ಬಣ್ಣದ ಪುಸ್ತಕವನ್ನು ಮಡಚಿ ಚೀಲಕ್ಕೆ ಹಾಕಿದ. "ಹಾಗಾದ್ರೆ ಗೋಡೆಗೆ ನೀಲಿ?" ಎಂದ. ನೀಲಿಯೇ ಎಂದೆ. ಅವನು ಏಣಿ ತರಲೆಂದು ಎದ್ದು, ಹೊಸ್ತಿಲನ್ನು ತುಳಿಯದೆ ದಾಟಿ ಅಂಗಳಕ್ಕಿಳಿದ. ಬಣ್ಣ ಸಿಡಿದ ಅವನ ಚಪ್ಪಲಿ ಬೆಳಿಗ್ಗೆಯೇ ಬಿಟ್ಟದ್ದು ಬಿಟ್ಟಲ್ಲೇ ಇತ್ತು: ಎಡಗಡೆ, ನುಗ್ಗೆಯ ಬುಡದಲ್ಲಿ.